ಬಿ.ಎಂ. ರಸ್ತೆ, ಮುಷ್ಕರದ ಏಳನೇ ದಿನ

ಊರು ನಾರುತ್ತಿತ್ತು. ನಾರಲಿ ಎಂದೇ ನಾವು ಕೂತದ್ದು.
ಕಟ್ಟಿನಕೆರೆ ಮಾರ್ಕೆಟ್ಟಿನ ಕೊಳೆತ ಎಲೆಕೋಸು,
ಛತ್ರದ ಎಂಜಲೆಲೆ, ಆಸ್ಪತ್ರೆಯ ಹತ್ತಿ.
ಏಳು ದಿನಕ್ಕೆ ಹಾಸನ
ತನ್ನ ಮೈ ತಾನೇ ಮೂಸಿಕೊಂಡಿತ್ತು.

ಅಂಥ ಬೆಳಗ್ಗೆ, ಡಿಸೆಂಬರಿನ ಚಳಿಯಲ್ಲಿ
ನೇತ್ರಾ ಓಡಿ ಬಂದಳು:
‘ಹನುಮಕ್ಕಾ, ಯಾವನೋ ಗುಡಿಸ್ತಾವ್ನೆ!’

ಹೋದೆ. ಸ್ವೆಟರ್ ಮಾರುವವರ ಸಾಲು ಡೇರೆ,
ಹಗ್ಗಕ್ಕೆ ನೇತುಬಿದ್ದ ಮಂಕಿ ಟೋಪಿಗಳು,
ಅವುಗಳ ಕೆಳಗೆ ಬೀಟ್‌ರೂಟ್ ಬಣ್ಣದ ಬಟ್ಟೆ ಸುತ್ತಿದ ಮುದುಕ,
ಒಂದು ಕಣ್ಣಿಗೆ ಆಪರೇಷನ್ನಿನ ಪಟ್ಟಿ.
ಬಗ್ಗಿ, ಮೋರಿಯಂಚಿನಿಂದ ಒಳಕ್ಕೆ,
ಧೂಳೇಳದ ಹಾಗೆ ಗುಡಿಸುತ್ತಿದ್ದ.
ಪೊರಕೆ ಹಿಡಿದು ಪಳಗಿದ ಕೈ. ಅದೇ ಹೊಟ್ಟೆ ಉರಿಸಿದ್ದು.

‘ನಮ್ಮ ಅನ್ನಕ್ಕೆ ಮಣ್ಣು ಹಾಕಕ್ಕೆ ಬಂದ್ಯಾ ಅಜ್ಜ?’
ಆಮೇಲೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.
ಅಂಗಡಿಯ ಡೊಲ್ಕರ್ ನಡುವೆ ಬಂದಳು:
‘ಅಕ್ಕಾ, ನಮ್ಮ ರಿಂಪೋಚೆ ಅವರು, ಮಠದ ದೊಡ್ಡವರು,
ಬೈಲಕುಪ್ಪೆಯಿಂದ ಕಣ್ಣು ತೋರಿಸೋಕೆ ಬಂದವರು.’
ನನ್ನ ಮಾತನ್ನು ಅವರ ಭಾಷೆಗೆ ತಿರುಗಿಸಿದಳು,
ಅರ್ಧ ಬೈಗುಳ ನುಂಗಿ.
ನುಂಗಿದ್ದನ್ನೂ ಹೇಳು ಎಂದರಂತೆ. ಹೇಳಿದಳು.

ಪೊರಕೆ ಕೆಳಗಿಟ್ಟರು.
ಗುಪ್ಪೆ ಮಾಡಿದ ಕಸವನ್ನು ಎರಡೂ ಕೈಯಲ್ಲಿ ಎತ್ತಿ
ಮತ್ತೆ ರಸ್ತೆಗೆ ಹರಡಿದರು,
ಬಾಳೆಸಿಪ್ಪೆ ಇದ್ದ ಜಾಗಕ್ಕೇ ಬಾಳೆಸಿಪ್ಪೆ.
ನಾವು ನಕ್ಕೆವು, ಏಳು ದಿನದಲ್ಲಿ ಮೊದಲ ಸಲ.

ಆಮೇಲೆ ಶಾಮಿಯಾನಕ್ಕೆ ಬಂದು ಜಮಖಾನದ ಮೇಲೆ ಕೂತರು.
ಅಲ್ಲಿದ್ದ ಒಂದೇ ಕುರ್ಚಿ ನನ್ನದು, ಹನ್ನೊಂದು ವರ್ಷದ್ದು,
ಬೆನ್ನಿಗೆ ‘ಅಧ್ಯಕ್ಷರು’ ಎಂದು ಬಣ್ಣದಲ್ಲಿ ಬರೆಸಿದ್ದೆ.
ಕೂಗಿ ಕೂಗಿ ಗಂಟಲು ಹೋಗಿತ್ತು, ಬಾಯಲ್ಲಿ ಕಲ್ಲುಸಕ್ಕರೆ.
ಕೇಳಿದರು: ‘ಇವರ ಗಂಟಲು ಕಟ್ಟಿದರೆ
ನಿಮ್ಮೆಲ್ಲರದೂ ಕಟ್ಟುತ್ತಾ?’

ಅವರ ಕತೆ ಸಣ್ಣದು. ಹುಡುಗನಾಗಿ ಬೆಟ್ಟ ದಾಟಿದ್ದು.
ಹಿಮದಲ್ಲಿ ಮುಂದೆ ನಡೆಯುವವನು ಸೊಂಟದ ತನಕ ಹೂತುಹೋಗುತ್ತಾನೆ,
ಹತ್ತು ಹೆಜ್ಜೆಗೆ ಉಸಿರು ಮುಗಿಯುತ್ತದೆ.
ಅವನು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಸೇರಬೇಕು,
ಎರಡನೆಯವನು ಮೊದಲಿಗನಾಗಬೇಕು. ಹೆಂಗಸರು, ಅಡುಗೆಯವನು, ನಾನೂ.
‘ನಮ್ಮನ್ನು ದಾಟಿಸಿದ್ದು ಯಾರು ಅಂತ
ಇವತ್ತಿಗೂ ಹೇಳೋಕಾಗಲ್ಲ.’

ಹೋದ ವರ್ಷ ಗಾದಿ ಬಿಟ್ಟರಂತೆ, ಚೀಟಿ ಹಾಕಿ ಆರಿಸಿಕೊಳ್ಳಿ ಎಂದು.
ದೇಶ ಬಿಡುವಾಗ ಅಳದ ಮುದುಕರು ಅವತ್ತು ಅತ್ತರಂತೆ.
‘ಯಾಕೆ ಬಿಟ್ರಿ?’
‘ಮುಷ್ಟಿ ಗಟ್ಟಿ ಇದ್ದಾಗ ಬಿಚ್ಚಿದರೆ ಕೊಟ್ಟದ್ದು.
ಸಡಿಲಾದ ಮೇಲೆ, ಉದುರಿದ್ದು.’

ನನಗೆ ರೇಗಿತು. ಮಾತು ಚಂದ, ಹೊಟ್ಟೆ ತುಂಬಿದವರದ್ದು.
‘ನಿಮಗೆ ಕಳಕೊಳ್ಳೋಕೆ ಒಂದು ದೇಶವಾದ್ರೂ ಇತ್ತು ಅಜ್ಜ.
ನಾನು ಹುಟ್ಟಿದ್ದು ಇದೇ ಊರಲ್ಲಿ, ಊರ ಹೊರಗೆ.
ಹೊತ್ತು ಮೂಡೋ ಮುಂಚೆ ಬಂದು ಗುಡಿಸಿ,
ಜನ ಏಳೋ ಹೊತ್ತಿಗೆ ಕಾಣದ ಹಾಗೆ ಹೋಗಬೇಕಿತ್ತು ನಮ್ಮವ್ವ.
ಯಾವ ಬೆಟ್ಟ ದಾಟಲಿ ಹೇಳಿ?’

ಡೊಲ್ಕರ್ ಇದನ್ನು ಹೇಳಲು ಬಹಳ ಹೊತ್ತು ತಗೊಂಡಳು.
ಸಕಲೇಶಪುರದ ಎರಡು ಬಸ್ಸು ಹಾದುಹೋದವು.
ಆ ಒಂಟಿ ಕಣ್ಣು ನನ್ನ ಮೇಲಿಂದ ಕದಲಲಿಲ್ಲ.
ಏನಾದರೂ ಸೂತ್ರ ಬರುತ್ತದೆ ಅಂದುಕೊಂಡೆ.
‘ಇದು ನನಗೆ ಗೊತ್ತಿರಲಿಲ್ಲ’ ಎಂದರು. ಅಷ್ಟೆ.
ಹನ್ನೊಂದು ವರ್ಷದಲ್ಲಿ ಆ ಮಾತನ್ನು
ನಾನು ಯಾರಿಗೂ ಹೇಳಿದ್ದಿಲ್ಲ.

ಮಾರನೇ ದಿನ ಡಿ.ಸಿ. ಆಫೀಸಿನ ಮಾತುಕತೆಗೆ
ನೇತ್ರಾಳನ್ನು ಮುಂದೆ ತಳ್ಳಿದೆ.
ಅವಳ ಕೈಯ ಹಾಳೆ ನಡುಗುತ್ತಿತ್ತು. ಖಾಯಮಾತಿ ಎಂದಳು, ಬಾಕಿ ಸಂಬಳ ಎಂದಳು,
ಕೈಗವಸು ಮರೆತಳು.
ಹಿಂದೆ ಕೂತ ನಾನು ಕಲ್ಲುಸಕ್ಕರೆ ಕಚ್ಚಿ ಪುಡಿ ಮಾಡಿದೆ;
ಬಾಯಿ ಮುಚ್ಚಿ ಕೂರುವುದು ಇಷ್ಟು ಕಷ್ಟ ಅಂತ
ಅಜ್ಜ ಹೇಳಿರಲಿಲ್ಲ.
ಬಾಗಿಲ ತನಕ ಹೋದವಳು ತಾನೇ ತಿರುಗಿದಳು:
‘ಸಾರ್, ಇನ್ನೊಂದೈತೆ.’

ಕುರ್ಚಿ ಇನ್ನೂ ನನ್ನ ಹತ್ತಿರವೇ ಇದೆ, ಸುಳ್ಳು ಹೇಳಲಾರೆ.
ಚುನಾವಣೆ ಫೆಬ್ರವರಿಗೆ ಎಂದಿದ್ದೇನೆ.
ಬೆನ್ನಿನ ಬಣ್ಣ ಕೆರೆಯಲು ಒಂದು ಬ್ಲೇಡು ತಂದಿಟ್ಟಿದ್ದೇನೆ.
‘ಅ’ ಹೋಗಿದೆ.