ಒಂಬತ್ತನೇ ಬಿ, ಮೂರನೇ ಪೀರಿಯಡ್

ಬಂದರಿನಿಂದ ಬೆಂಗರೆಗೆ ಏಳು ನಿಮಿಷದ ದೋಣಿ.
ಬ್ಯಾಗಿನಲ್ಲಿ ನಲವತ್ತೊಂದು ರಜಾ ಅರ್ಜಿ, ಇಂಗ್ಲಿಷಿನಲ್ಲಿ.
ಎಲ್ಲರಿಗೂ ಒಂದೇ ಜ್ವರ,
ನಾನೇ ಬೋರ್ಡಿನಲ್ಲಿ ಬರೆದುಕೊಟ್ಟದ್ದು,
ಸ್ಪೆಲ್ಲಿಂಗ್ ತಪ್ಪದೆ ಹರಡಿದೆ.

ಒಬ್ಬಳಿಗೆ ಮಾತ್ರ ಜ್ವರವಿಲ್ಲ.
ಪ್ರಜ್ಞಾ ಕರ್ಕೇರ ಬರೆಯುತ್ತಾಳೆ:
ಅಮ್ಮನ ಕೈಗೆ ನೈಫ್ ತಾಗುತ್ತದೆ,
ದಕ್ಕೆಯಲ್ಲಿ ಬಂಗುಡೆ ಕೊಯ್ಯಲು ನಾನು ಹೋಗುತ್ತೇನೆ, ದಯವಿಟ್ಟು.
ಕ್ರಿಯಾಪದಗಳೆಲ್ಲ ವರ್ತಮಾನದಲ್ಲೇ ನಿಂತುಬಿಟ್ಟಿವೆ,
ನಿನ್ನೆಯ ರಕ್ತ ಇನ್ನೂ ಹರಿಯುತ್ತಲೇ ಇದೆ.
ಅವಳ ನೈಫು ಎನ್ ಅಕ್ಷರದಿಂದಲೇ ಶುರು.

ಕೆಂಪು ಪೆನ್ನು ತೆಗೆದೆ. ದೋಣಿ ಕುಲುಕಿತು.
ಗೀಟು ಹಾಳೆಯ ಅಂಚು ದಾಟಿ ನನ್ನ ಸೀರೆಗೆ ಹೋಯಿತು.

ತರಗತಿಯಲ್ಲಿ ಹೇಳಿದೆ:
"ಮೊದಲಿಗೆ ಒಂದು ಕೆ ಉಂಟು. ಮಾತಾಡುವುದಿಲ್ಲ."
"ಮತ್ತೆ ಯಾಕೆ ಟೀಚರ್ ಅದು?" ಶಮ್ಮಾಸ್ ಕೇಳಿದ.
ಬಿ.ಎಡ್. ನೋಟ್ಸಿನಲ್ಲಿ ಉತ್ತರವಿರಲಿಲ್ಲ.
ಬಾಯಿಪಾಠ ಮಾಡಿ, ಎನ್ನುವಷ್ಟರಲ್ಲಿ
ಹಿಂದಿನ ಬೆಂಚಿನಿಂದ ಪ್ರಜ್ಞಾ,
ಮೊಣಕೈಯಲ್ಲಿ ಒಂದು ಮೀನಿನ ಹುರುಪೆ ಹೊಳೆಯುತ್ತಿತ್ತು:

"ಅದು ಹಿಡಿ, ಟೀಚರ್.
ಕೊಯ್ಯುವುದು ಅದರ ಮುಂದಿನದ್ದು.
ಹಿಡಿಗೆ ಎಂತ ಶಬ್ದ?"
ಸ್ವಲ್ಪ ತಡೆದು, ಕೂತುಕೊಳ್ಳುತ್ತಾ,
"ನಮ್ಮ ಬಿಸತ್ತಿಯದ್ದು ಮುರಿದುಹೋಗಿತ್ತು.
ಹಾಗೆಯೇ ಅಮ್ಮನಿಗೆ ಆದದ್ದು."

ಸಂಜೆಯ ದೋಣಿಯಲ್ಲಿ
ಅವಳ ಅರ್ಜಿ ಮತ್ತೆ ತೊಡೆಯ ಮೇಲೆ.
ಕೆ ಸೇರಿಸಿದರೆ ಸುಳ್ಳು,
ಬಿಟ್ಟರೆ ತಪ್ಪು.
ಹತ್ತಕ್ಕೆ ಎಷ್ಟು ಕೊಡಲಿ ಎಂದು ಲೆಕ್ಕ ಹಾಕುತ್ತಾ
ದೋಣಿಯವನಿಗೆ ಎರಡು ಸಲ ಚಿಲ್ಲರೆ ಕೊಟ್ಟೆ.
ಒಂದನ್ನು ಅವನು ವಾಪಸು ಕೊಟ್ಟ,
ಏನೂ ಹೇಳದೆ.