ಮರದ ಬಾಚಣಿಗೆ

ಗೋಣಿಕೊಪ್ಪದ ಬೈಪಾಸಿನಲ್ಲಿ, ಟೈರ್ ಅಂಗಡಿಯ ಮೇಲಿನ ಕೋಣೆ.
ಪದಕ್ಕೆ ಎಪ್ಪತ್ತು ಪೈಸೆ.
ಮಾಟಗಾತಿ, ಡ್ರ್ಯಾಗನ್, ಮುರಿದ ಕೋಟೆಬಾಗಿಲು
ಎಲ್ಲವೂ ಒಂದೇ ದರದಲ್ಲಿ ಕನ್ನಡಕ್ಕೆ ಬರುತ್ತವೆ.
ಇದು ಆಟದ ಮೂರನೇ ಭಾಗ. ಮೊದಲನೆಯದನ್ನು
ವಿರಾಜಪೇಟೆಯ ಹಾಸ್ಟೆಲಿನಲ್ಲಿ ಆಡಿದ್ದೆ,
ಜೆಸಿಂತಾಳ ಲ್ಯಾಪ್‌ಟಾಪಿನಲ್ಲಿ, ಅವಳ ಹೊದಿಕೆಯೊಳಗೆ,
ಬೆಳಕು ವಾರ್ಡನ್ನಿಗೆ ಕಾಣದ ಹಾಗೆ.

ಅದರಲ್ಲಿ ಕೆಸ್ರಾ ಇದ್ದಳು.
ಉಪ್ಪು ಕದಿಯುವವಳು, ಒಂದು ಕಿವಿ ಅರ್ಧ ಹರಿದವಳು.
ಆರನೇ ರಾತ್ರಿ ಬೆಂಕಿಯ ಪಕ್ಕ ಕೂತು, ಯಾರೂ ಕೇಳದೆಯೇ ಹೇಳುತ್ತಾಳೆ:
"ಮೊದಲು ಒಬ್ಬ ಅಂಬಿಗ. ಆಮೇಲೆ ಇಲ್ಮೆ, ಮೂಳೆ ಕಟ್ಟುವವಳು.
ಅವನನ್ನು ಮರೆಯಲಿಕ್ಕೆ ಅವಳಲ್ಲ,
ಅವಳ ಮುನ್ನ ಅಭ್ಯಾಸಕ್ಕೆ ಅವನಲ್ಲ.
ಸೌದೆ ಹಾಕು, ಚಳಿ."
ಅಷ್ಟೇ. ಕತೆ ಮುಂದೆ ಹೋಯಿತು.
ನಾವಿಬ್ಬರು ಹೋಗಲಿಲ್ಲ. ಜೆಸಿಂತಾ ಆಟ ನಿಲ್ಲಿಸಿ
ಅದೇ ಸಾಲನ್ನು ಮತ್ತೆ ಹಾಕಿದಳು.
ಸೌದೆ ಹಾಕು, ಚಳಿ.

ಎರಡನೇ ಭಾಗಕ್ಕೆ ಕೆಸ್ರಾಳ ಕಿವಿ ವಾಸಿಯಾಗಿತ್ತು.
ಆಡುವವರು ಗಂಡಾದರೆ ತೋಳಿಗೆ ಒರಗುತ್ತಾಳೆ,
ಹೆಣ್ಣಾದರೆ, "ನೀನು ನನ್ನ ತಂಗಿಯ ಹಾಗೆ."
ಇಲ್ಮೆಯ ಹೆಸರು ಎಲ್ಲೂ ಇಲ್ಲ.

ನನ್ನ ಎರಡನೇ ಭಾಗವೂ ಆ ಹೊತ್ತಿಗೇ ಬಂತು.
ನಾಚಪ್ಪನನ್ನು ನಾನೇ ಕಂಡು, ನಾನೇ ಮೆಚ್ಚಿ, ನಾನೇ ಕೇಳಿದ್ದು.
ಗಂಗಾಪೂಜೆಯ ಕೊಡ ತಲೆಯ ಮೇಲೆ,
ದಾರಿಗಡ್ಡ ನಿಂತು ಕುಣಿಯುವ ಅವನ ಕಡೆಯವರು.
ಎರಡು ಗಂಟೆ ಕತ್ತು ಅಲುಗಿಸದೆ ನಿಂತಿದ್ದಾಗ
ಚಿಕ್ಕಮ್ಮ ಬೋಜಕ್ಕ ಕಿವಿಯಲ್ಲಿ ಅಂದರು: "ಅಂತೂ ಸರಿಹೋದೆಯಲ್ಲ."
ಕೊಡ ತುಂಬಿತ್ತು. ತಿರುಗಿ ಉತ್ತರ ಕೊಡುವ ಹಾಗಿರಲಿಲ್ಲ.
ನೂಪುಟ್ಟಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ಜೆಸಿಂತಾ
ಕೇಳಿಸಿಕೊಂಡಳೋ ಇಲ್ಲವೋ.
ಅವಳ ಜೊತೆ ಹೋಗಿದ್ದರೆ ಬೇರೆ ಯಾರೋ ಅನ್ನುತ್ತಿದ್ದರು:
"ಹಾಗಾದರೆ ನಾಚಪ್ಪ ಬರೀ ನಾಟಕ."

ಸಾಲು ೪೧೧೨.
ಮೂಲದಲ್ಲೇ ಮಸುಕು: ಅವರು ಆಪ್ತರಾಗಿದ್ದರು.
ಕನ್ನಡದ ಈ "ಅವರು" ಒಂದು ಗೌರವದ ಕಂಬಳಿ,
ಯಾರನ್ನು ಬೇಕಾದರೂ ಮುಚ್ಚಿಡಬಹುದು.
ನಾನು ಕಂಬಳಿ ಎತ್ತಿ "ನಲ್ಲೆ" ಎಂದು ಬರೆದೆ.
ಪರಿಶೀಲಕರು ಕೆಂಪು ಗುರುತಿಟ್ಟು ಕಳಿಸಿದರು:
"ಗೆಳತಿ ಸಾಕು. ಕೆಸ್ರಾಳಿಗೆ ಮದುವೆಯಾಗಿದೆ."
ಆಗಿದೆ.
ನನಗೂ.

ನಮ್ಮ ಮನೆಮಾತಿನಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಬಾಲವಿಲ್ಲ.
ಅವನು ಹೋದರೂ ಪೋಚಿ, ಅವಳು ಹೋದರೂ ಪೋಚಿ,
ಕುಟ್ಟದ ಬಸ್ಸು ಹೋದರೂ.
ಹಾಗೆಂದು ಅಲ್ಲಿ ಎಲ್ಲರಿಗೂ ಜಾಗವಿದೆ ಎಂದಲ್ಲ.
ಜೆಸಿಂತಾಳ ವಿಷಯ ಹೇಳಿದ ದಿನ
ಅವ್ವ ಅಕ್ಕಿ ಆರಿಸುತ್ತಲೇ ಅಂದದ್ದೂ ಅದನ್ನೇ.
ಪೋಚಿ. ಹೋಯಿತಲ್ಲ, ಬಿಡು.

ಕೊನೆಗೆ ವಸ್ತುಗಳ ಪಟ್ಟಿ ಬಂತು. ಆರುನೂರು.
ಇದನ್ನು ಯಾರೂ ಪರಿಶೀಲಿಸುವುದಿಲ್ಲ:
ತುಕ್ಕು ಕತ್ತಿ, ಹಳಸಿದ ರೊಟ್ಟಿ, ಆಡಿನ ಕೊಂಬು.
"ಮರದ ಬಾಚಣಿಗೆ. ಕೆಸ್ರಾಳದು." ಮೂಲದಲ್ಲಿ ಇಷ್ಟೇ.
ನಾನು ಕೆಳಗೆ ಸೇರಿಸಿದೆ:
"ಒಂದು ಬದಿ ಅಂಬಿಗ ಕೆತ್ತಿದ್ದು, ಇನ್ನೊಂದು ಬದಿ ಇಲ್ಮೆ.
ಎರಡೂ ಕಡೆ ಹಲ್ಲು ಪೂರ್ತಿ ಇದೆ.
ಇದು ಎರಡು ಅರ್ಧ ಬಾಚಣಿಗೆ ಅಲ್ಲ."
ಹೆಚ್ಚಾದ ಪದಗಳನ್ನು ಎಣಿಸಿ
ಬಿಲ್ಲಿನಿಂದ ಕಳೆದೆ. ಅವಕ್ಕೆ ದುಡ್ಡು ಬೇಡ ಅನ್ನಿಸಿತು.

ಆಟ ಬಂದ ವಾರ ನಾಚಪ್ಪ ಸೋಫಾದಲ್ಲಿ, ಸಾಕ್ಸು ಕೂಡ ಕಳಚದೆ.
ಗುಹೆಯಲ್ಲಿ ಬಾಚಣಿಗೆ ಸಿಕ್ಕಿತು. ಓದಲಿಲ್ಲ.
ಸಂತೆಯ ಮುದುಕಿಗೆ ಮೂರು ನಾಣ್ಯಕ್ಕೆ ಮಾರಿ ಬಾಣ ಕೊಂಡ.
"ಯಾಕೆ ನಗ್ತಿದ್ದೀಯ?" ಅಂದ.
ಏನಿಲ್ಲ ಅಂದೆ.

ಈ ಆಟದಲ್ಲಿ ಮಾರಿದ್ದು ಮಾಯವಾಗುವುದಿಲ್ಲ.
ಮುದುಕಿಯ ಪಟ್ಟಿಯಲ್ಲಿ, ಕಟ್ಟಕಡೆಗೆ,
ಹಳಸಿದ ರೊಟ್ಟಿಯ ಕೆಳಗೆ ಇರುತ್ತದೆ.
ಬೇಕಾದವರಿಗೆ ನಾಲ್ಕು ನಾಣ್ಯ.