ಕೆಳಮನೆಯವರು

ಸಲಾತ್ಸಾ ನದಿಗೆ ಅಡ್ಡಲಾಗಿ ಮರದ ಅಟ್ಟಣೆ,
ಅದರಡಿ ಫರ್ ಕೊಂಬೆ ಹೆಣೆದ ಬೇಲಿ.
ಅಕ್ಟೋಬರಿನ ಕತ್ತಲಲ್ಲಿ ಹತ್ತಿ ಬರುತ್ತದೆ
ದವಡೆಯಿಲ್ಲದ ಮೀನು, ಹಾವಿನಷ್ಟುದ್ದ,
ಬಾಯೆಂದರೆ ಬರೀ ಒಂದು ಬಳೆ, ಬಳೆಯ ತುಂಬ ಹಲ್ಲು.
ಅಪ್ಪ ತಲೆ ಕಡಿದು ಹಲಗೆಯ ಮೇಲಿಡುತ್ತಿದ್ದ.
ಉಳಿದದ್ದರ ಬಾಲ ಚಿವುಟಿ ಬಕೆಟ್ಟಿಗೆ ಬಿಟ್ಟರೆ
ಈಜುತ್ತಿತ್ತು.
ಎಡ ಬಿಗಿದಾಗ ಬಲ ಸಡಿಲ,
ಬಲ ಬಿಗಿದಾಗ ಎಡ,
ಇಲ್ಲದ ಕೊರಳಿಂದ ಬಾಲದ ತನಕ ಅಲೆ.
ಯಾರಪ್ಪಾ ಇದಕ್ಕೆ ಹೇಳೋದು, ಅಂದೆ. ಏಳು ವರ್ಷ ನನಗೆ.
ಅದರ ಬೆನ್ನಿಗೆ ಗೊತ್ತು, ಅಂದ.
ಅಷ್ಟೇ. ಉಪ್ಪಿನ ಡಬ್ಬ ಕೇಳಿದ.

ಅದೇ ಅಟ್ಟಣೆಯಿಂದ ಬಿದ್ದ ಐನಿಸ್.
ಹಿಮಗಟ್ಟಿದ ಹಲಗೆ, ನೀರು ಕಡಿಮೆ, ಒಂದು ಕಲ್ಲು.
ಹೊಕ್ಕುಳಿಂದ ಕೆಳಗಿನ ಸುದ್ದಿ
ನನ್ನ ತಮ್ಮನಿಗೆ ಈಗ ಬರುವುದಿಲ್ಲ.

ಯುರ್ಮಾಲಾದ ಆಸ್ಪತ್ರೆ. ಕಿಟಕಿಗೆ ಪೈನ್ ಮರ, ಆಚೆ ಮರಳು.
ಫಿಸಿಯೋ ಜೈಗಾ ಅಂಗಾಲಿಗೆ ಪೆನ್ನಿನ ತುದಿ ಎಳೆದಳು,
ಕೆಂಡ ತುಳಿದಂತೆ ಕಾಲು ಮಡಚಿ ಹಿಂದೆ ಸರಿಯಿತು.
ಅಮ್ಮ ಕೂಗಿಕೊಂಡಳು, ಅಳುತ್ತಲೇ ನಕ್ಕಳು.
ಐನಿಸ್ ಮರ ನೋಡುತ್ತಿದ್ದ.
ಏನಾಯ್ತು, ಅಂದ.

ಅಮ್ಮನಿಗೆ ತಿಳಿಸುವುದು ಹೇಗೆ?
ನೋವು ಮೆಟ್ಟಿಲು ಹತ್ತಿ, ಮಹಡಿಯ ಕದ ತಟ್ಟಿ,
ಅಪ್ಪಣೆ ಇಸಕೊಂಡು ಇಳಿಯುವಷ್ಟರಲ್ಲಿ
ಕಾಲು ಸುಟ್ಟೇ ಹೋದೀತೆಂದು
ಕೆಳಮನೆಯವರೇ ತೀರ್ಮಾನಿಸಿಬಿಡುತ್ತಾರೆ.
ಒಂದು ಕಾಲು ಎತ್ತಿದರೆ ಇನ್ನೊಂದಕ್ಕೆ ಹೇಳಿ ಕಳಿಸುತ್ತಾರೆ:
ಗಟ್ಟಿಯಾಗಿ ನಿಲ್ಲು, ಭಾರ ನಿನ್ನದು.
ಮೇಲಕ್ಕೆ ವರದಿ ಆಮೇಲೆ, ಅದೂ ತಿದ್ದಿದ್ದು.
ನನ್ನ ಮೊಣಕಾಲು ಮೇಜಿಗೆ ಬಡಿದಾಗ ಉಜ್ಜುತ್ತಿದ್ದೆಯಲ್ಲ ಅಮ್ಮ,
ಆ ಉಜ್ಜು ಹೊಸ್ತಿಲಲ್ಲಿ ನಿಂತು
ಅರ್ಧ ನೋವನ್ನು ಹಾಗೇ ವಾಪಸು ಕಳಿಸುತ್ತಿತ್ತು.
ಈಗ ಮುರಿದದ್ದು ಮೆಟ್ಟಿಲು.
ಕೆಳಗೆ ದೀಪ ಇದೆ, ಜನ ಇದ್ದಾರೆ,
ಹಗಲೋ ರಾತ್ರಿಯೋ ತಿಳಿಯದೆ ಒಮ್ಮೊಮ್ಮೆ
ಸುಮ್ಮನೆ ಪಾತ್ರೆ ಬಡಿಯುತ್ತಾರೆ: ಹಾಸಿಗೆಯೇ ನಡುಗುತ್ತದೆ.

ಇಷ್ಟೆಲ್ಲ ಹೇಳಲಿಲ್ಲ.
ಅವನ ಬೆನ್ನಿಗೆ ಗೊತ್ತಮ್ಮ, ಅಂದೆ.

ಗುರುವಾರ ಸೊಂಟಕ್ಕೆ ಪಟ್ಟಿ ಬಿಗಿದು ತೂಗುಹಾಕಿ
ಟ್ರೆಡ್‌ಮಿಲ್ಲಿನ ಮೇಲೆ ಇಳಿಸಿದರು.
ಇಬ್ಬರು ಕುಕ್ಕರುಗಾಲಲ್ಲಿ ಕೂತು ಪಾದ ಹಿಡಿದು ಇಟ್ಟರು,
ಎತ್ತಿ ಇಟ್ಟರು, ಇಟ್ಟರು.
ತೊಡೆ ಹಿಂದಕ್ಕೆ ಜಗ್ಗಿ ಜಗ್ಗಿ
ಹತ್ತರಲ್ಲಿ ಒಂದು ಸಲ
ಯಾರೂ ಎತ್ತದೆ ಮುಂದೆ ಬಂತು ಕಾಲು.
ಐನಿಸ್ ಅದನ್ನು ಕನ್ನಡಿಯಲ್ಲಿ ಕಂಡ.
ನಾನಲ್ಲ, ಅಂದ.
ನೀನಲ್ಲದೆ ಪಕ್ಕದ ವಾರ್ಡಿನವನೇನು, ಗದರಿದಳು ಜೈಗಾ,
ಬೆವರು ಒರೆಸಿಕೊಂಡು ಮತ್ತೆ ಪಾದ ಹಿಡಿದಳು.

ಈ ವರ್ಷ ಅಟ್ಟಣೆ ನನ್ನದು. ಕತ್ತಿಯೂ.
ಮೊದಲ ಮೀನು ಕಡಿದು ಬಕೆಟ್ಟಿನ ಪಕ್ಕ ಕೂತೆ,
ಅದು ನಿಲ್ಲಲಿ ಎಂದು.
ಬಹಳ ಹೊತ್ತು.
ಆಮೇಲೆ ಎದ್ದು, ಮೂರು ಕಿಲೋಮೀಟರು, ಕೆಸರು, ಕತ್ತಲೆ,
ಆ ಕನ್ನಡಿಯ ಯೋಚನೆಯಲ್ಲೇ ಮನೆಗೆ ಬಂದೆ.
ಒಂದು ಹೆಜ್ಜೆಯೂ ನಾನು ಇಟ್ಟ ನೆನಪಿಲ್ಲ.